ನಮ್ಮ ಮನೆಯ ಜೋಡಿಗೆರೆ

ಮುನಿರತ್ನಮ್ಮ, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ. ಗೊತ್ತಿದ್ದೂ ಗೊತ್ತಿದ್ದೂ ಹೇಳಿದೆ.

ನಾನು ವಂಶಪಾರಂಪರ್ಯ ಕಾಯಿಲೆಗಳ ವೈದ್ಯೆ. ವರ್ತೂರಿನ ರಾಗಿ ಹೊಲದ ಮನೆಯಿಂದ ಹೊರಟು ವೈಟ್‌ಫೀಲ್ಡಿನ ದೊಡ್ಡ ಆಸ್ಪತ್ರೆಯಲ್ಲಿ ಆ ಕುರ್ಚಿ ಹಿಡಿದವಳು — ಹೆಮ್ಮೆ ಇದೆ ನನಗೆ, ಯಾಕಿರಬಾರದು? ಯಾರ ಮನೆತನವನ್ನಾದರೂ ಅರ್ಧ ಗಂಟೆಯಲ್ಲಿ ಒಂದು ಹಾಳೆಗೆ ಇಳಿಸುತ್ತೇನೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಒಂದು ಗೆರೆ. ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಜೋಡಿಗೆರೆ. ಕಾಯಿಲೆ ಎಲ್ಲಿಂದ ಇಳಿದು ಬಂತು ಎಂದು ಆ ಹಾಳೆ ನೋಡಿಯೇ ಎಷ್ಟೋ ಸಲ ಹೇಳಿದ್ದೇನೆ. ಆಮೇಲೆ ರಕ್ತಪರೀಕ್ಷೆಯೂ ಅದನ್ನೇ ಹೇಳಿದೆ.

ನೀವು ಆನೇಕಲ್ಲಿನಿಂದ ಬಂದಿದ್ದಿರಿ. ನಿಮ್ಮ ಮಗಳು ಕತ್ತು ನಿಲ್ಲದೆಯೇ ಎಂಟನೇ ತಿಂಗಳಲ್ಲಿ ತೀರಿಕೊಂಡಿದ್ದಳು. ನಿಮ್ಮ ಗಂಡ ನಿಮ್ಮ ತಾಯಿಯ ಸ್ವಂತ ತಮ್ಮ. ನಾನು ಜೋಡಿಗೆರೆ ಎಳೆದೆ. ನೀವು ಅದನ್ನೇ ನೋಡುತ್ತಾ ಕೇಳಿದಿರಿ:

"ಮೇಡಂ, ನಿಮ್ಮನೇಲೂ ಇಂಗೆ ಸಂಬಂದದಲ್ಲೇ ಕೊಟ್ಟವ್ರಾ?"

ನನ್ನ ಬೆನ್ನ ಹಿಂದೆ ಇಬ್ಬರು ಕಿರಿಯ ವೈದ್ಯರು ನಿಂತಿದ್ದರು. "ಇಲ್ಲಮ್ಮ, ನಮ್ಮಲ್ಲಿ ಯಾರೂ ಹಾಗೆ ಮಾಡಿಲ್ಲ" ಅಂದುಬಿಟ್ಟೆ.

ನನ್ನ ಅಪ್ಪ ನನ್ನ ಅಮ್ಮನ ಸೋದರಮಾವ. ನನಗಿಂತ ಮುಂಚೆ ಹುಟ್ಟಿದ ಅಣ್ಣನಿಗೂ ಕತ್ತು ನಿಲ್ಲಲಿಲ್ಲ. ಅವನು ಯಾಕೆ ಹೋದ ಎಂದು ತಿಳಿಯಲೆಂದೇ ನಾನು ಈ ವಿದ್ಯೆ ಕಲಿತದ್ದು — ಅಷ್ಟನ್ನು ನಿಮಗೆ ಹೇಳಿದ್ದರೆ...

ಮತ್ತೆ ಬಸುರಾದರೆ ಮೂರನೇ ತಿಂಗಳಲ್ಲೇ ಬನ್ನಿ, ಹೊಟ್ಟೆಯಲ್ಲಿರುವ ಮಗುವಿಗೂ ಇದೇ ಕಾಯಿಲೆ ಇದೆಯೇ ಎಂದು ತಿಳಿಯುವ ಪರೀಕ್ಷೆ ಇದೆ ಎಂದು ಹೇಳಿ ಕಳಿಸಿದೆ. ನೀವು ಬಂದದ್ದು ಎರಡು ವರ್ಷದ ಮೇಲೆ. ಮಡಿಲಲ್ಲಿ ಐದು ತಿಂಗಳ ಗಂಡುಮಗು. ಅದರ ತಲೆ ನಿಮ್ಮ ತೋಳಿನಾಚೆ ವಾಲಿತ್ತು. ಯಾಕಮ್ಮ ಆಗಲೇ ಬರಲಿಲ್ಲ ಎಂದು ರೇಗಿದೆ — ರೇಗಿದ್ದು ನಾನು, ಥೂ!

"ನಾಚ್ಕೆ ಆಯ್ತು ಮೇಡಂ. ನಿಮ್ಮಂತೋರ ಮನೇಲಿ ಯಾರೂ ಮಾಡ್ದೇ ಇರೋ ತಪ್ಪು ಮಾಡ್ಕೊಂಡು, ಇನ್ನೊಂದ್ಸಲ ಎಂಗೆ ಬಂದು ನಿಮ್ಮ ಮುಂದೆ ಕೂತ್ಕಳ್ಲಿ?"

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆ ಮಗುವೂ ಉಳಿಯಲಿಲ್ಲ. ಪರೀಕ್ಷೆ ಮಾಡಿಸಿದ್ದರೆ ನೀವು ಏನು ತೀರ್ಮಾನಿಸುತ್ತಿದ್ದಿರೋ, ಅದು ನಿಮಗೆ ಬಿಟ್ಟದ್ದು. ತಿಳಿದು ತೀರ್ಮಾನಿಸುವ ಅವಕಾಶವನ್ನೇ ನಾನು ಕಿತ್ತುಕೊಂಡೆ.

ಈಗ ಯಾವ ಮನೆಯವರು ಬಂದರೂ ಮೊದಲು ನಮ್ಮ ಮನೆಯ ಹಾಳೆ ತೋರಿಸುತ್ತೇನೆ. ಅಪ್ಪ, ಅಮ್ಮ, ನಡುವೆ ಜೋಡಿಗೆರೆ. ಕೆಳಗೆ ಅಣ್ಣನ ಚೌಕ, ತೀರಿಕೊಂಡವರಿಗೆ ಎಳೆಯುವ ಓರೆಗೀಟಿನ ಜೊತೆ. ಪಕ್ಕದಲ್ಲಿ ನಾನು. ಎದುರಿಗೆ ಕೂತವರು ಆರಾಮಾಗಿ ಮಾತಿಗಿಳಿಯುತ್ತಾರೆ, ಮತ್ತೆ ಬರುತ್ತಾರೆ. ನನ್ನ ಪದವಿಗಳೆಲ್ಲಕ್ಕಿಂತ ಆ ಹಾಳೆಯ ಮೇಲೆಯೇ ನನಗೆ ಹೆಮ್ಮೆ. ಆದರೆ ಅದನ್ನು ಎಲ್ಲರಿಗಿಂತ ಮೊದಲು ನೋಡಬೇಕಾಗಿದ್ದವರು ನೀವು — ನೀವಿನ್ನೂ ನೋಡಿಲ್ಲ.

ಈ ಭಾನುವಾರ ಆ ಹಾಳೆ ಹಿಡಿದು ಆನೇಕಲ್ಲಿಗೆ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೂ ಸರಿ. ಅವತ್ತು ಕೇಳಿದ್ದನ್ನೇ ಇನ್ನೊಂದು ಸಲ ಕೇಳಿ, ಮುನಿರತ್ನಮ್ಮ.