ಸುಣ್ಣದ ಗೆರೆ

ಮೊನ್ನೆ ತಣಿಸಂದ್ರದ ಬೀಡಾ ಅಂಗಡಿಯವನು ಸುಣ್ಣದ ಡಬ್ಬಿಯ ಮುಚ್ಚಳ ತೆಗೆದ. ಒದ್ದೆ ಸುಣ್ಣದ ವಾಸನೆ, ಪಕ್ಕದಲ್ಲಿ ನಿಂತಿದ್ದ ಆಟೋದ ಬಿಸಿ ಆಯಿಲ್ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಂದವು. ಬೀಡಾ ತೆಗೆದುಕೊಳ್ಳದೆ ಮನೆಗೆ ಬಂದುಬಿಟ್ಟೆ...

ನಾವು ಯಲಹಂಕದಲ್ಲಿದ್ದಾಗ ಎದುರು ಮನೆಯಲ್ಲಿ ಒಬ್ಬರಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಬೀದಿಗೆಲ್ಲ ಅವರು ಯಜಮಾನರು. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆಗೆ ಕಂಬಗಳು ಏಳುತ್ತಿದ್ದ ಕಾಲ ಅದು. ಆಗ ನಾನು ಹಳೆಯದೊಂದು ಎಸ್‌ಯುವಿ ಕೊಂಡಿದ್ದೆ. ಅದರ ಪವರ್ ಸ್ಟೀರಿಂಗ್ ಸಡಿಲವಾಗಿತ್ತು. ನಾಲ್ಕು ಬೆರಳಿನಷ್ಟು ತಿರುಗಿಸಿದರೂ ಮುಂದಿನ ಚಕ್ರ ಅಲುಗುತ್ತಿರಲಿಲ್ಲ.

ಒಂದು ಭಾನುವಾರ ಯಜಮಾನರು ನಮ್ಮ ಗೇಟಿನೊಳಗೆ ಬಂದು ಬಾನೆಟ್ ಎತ್ತಿದರು.

"ಸೀಟಲ್ಲಿ ಕೂತ್ಕೊಳಪ್ಪ. ಇಂಗೆ, ಆಕಡೆ ಈಕಡೆ ಅಲ್ಲಾಡ್ಸು. ಮೆಲ್ಲಗೆ! ಮಜ್ಜಿಗೆ ಕಡೀತಿದ್ದೀಯೇನು?"

ನಾನು ಅಲ್ಲಾಡಿಸುತ್ತಿದ್ದರೆ ಅವರು ಒಂದೊಂದು ಕೀಲಿನ ಮೇಲೂ ಕೈಯಿಟ್ಟು, ಕಣ್ಣು ಮುಚ್ಚಿಕೊಂಡು ನೋಡಿದರು. ಕೀಲುಗಳು ಸರಿಯಿದ್ದವು. ಸ್ಟೀರಿಂಗ್ ಬಾಕ್ಸ್ ಮೇಲಿನ ತಿರುಪು ಹಿಂದೆ ಸರಿದಿತ್ತು. ಅದನ್ನು ಕಾಲು ಸುತ್ತು ಬಿಗಿದರು. ಅದು ಮತ್ತೆ ಸರಿಯದಂತೆ ಹಿಡಿಯುವ ನಟ್ಟನ್ನೂ ತಮ್ಮ ಹಳೆಯ ಸ್ಪ್ಯಾನರಿನಿಂದ ಬಿಗಿದರು. ಆಮೇಲೆ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ತಿರುಪು, ನಟ್ಟು, ಬಾಕ್ಸ್ ಮೂರೂ ಕೂಡುವಂತೆ ಬೆರಳಿನಿಂದ ಒಂದೇ ಗೆರೆ ಎಳೆದರು.

"ನಟ್ಟು ಸವ್ದದೆ. ದಿನಾ ಗೆರೆ ನೋಡು. ಗೆರೆ ಮುರ್ದಿದ್ರೆ ಗಾಡಿ ತೆಗೀಬೇಡ, ನನ್ನ ಕರಿ."

ಎರಡು ತಿಂಗಳು ತಪ್ಪದೆ ನೋಡಿದೆ. ಆಮೇಲೆ ಕೆಲವು ದಿನ ನೋಡಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಸೀಮೆಎಣ್ಣೆಯ ಬಟ್ಟೆಯಿಂದ ಇಂಜಿನ್ನೆಲ್ಲ ಉಜ್ಜಿದೆ. ಉಜ್ಜಿದ ಮೇಲೆ ನೆನಪಾಯಿತು. ಗೆರೆ ಹೋಗಿತ್ತು. ಯಜಮಾನರು ಬೈಯುತ್ತಾರೆ ಅನಿಸಿತು. ಅಮ್ಮನ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತಂದು, ನಟ್ಟು ಎಲ್ಲಿತ್ತೋ ಅಲ್ಲಿಗೇ ಸರಿಯಾಗಿ, ಅವರದರಂತೆಯೇ ಒಂದು ಗೆರೆ ಎಳೆದೆ. ನಟ್ಟು ಬಿಗಿಯಿದೆಯೇ ಎಂದು ಮುಟ್ಟಿಯೂ ನೋಡಲಿಲ್ಲ.

ಮರುದಿನ ಅವರನ್ನು ರಾಜಾನುಕುಂಟೆಯ ಮಗಳ ಮನೆಗೆ ಕರೆದುಕೊಂಡು ಹೊರಟೆ. ಹತ್ತುವ ಮೊದಲು ಅವರು ಬಾನೆಟ್ ಎತ್ತಿ ನೋಡಿದರು.

"ಗೆರೆ ನೆಟ್ಗದೆ. ನಡಿ ಓಗಾನ."

ಊರು ಇನ್ನೇನು ಬಂತು ಎನ್ನುವಾಗ ಒಂದು ತಿರುವು. ಸ್ಟೀರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಗಾಡಿ ಒಮ್ಮೆಲೇ ಎಳೆಯಿತು... ಆಮೇಲೆ ಹೊಂಗೆ ಮರ.

ನನಗೆ ಏನೂ ಆಗಿರಲಿಲ್ಲ. ಯಜಮಾನರ ಬಲಗೈ ಮಣಿಕಟ್ಟು ಮುರಿದಿತ್ತು. ಆ ಕೈಯನ್ನು ಎದೆಗೊತ್ತಿಕೊಂಡೇ ಅವರು ನನ್ನಿಂದ ಬಾನೆಟ್ ಎತ್ತಿಸಿದರು. ಎಡಗೈ ಬೆರಳಿಗೇ ನಟ್ಟು ತಿರುಗಿತು.

"ಬೆಳಿಗ್ಗೆ ಗೆರೆ ನೆಟ್ಗಿತ್ತು. ಇಷ್ಟು ದೂರಕ್ಕೇ ಬಿಚ್ಕೊಂಡದೆ ಅಂದ್ರೆ ನಾನೇ ಸರ್ಯಾಗಿ ಬಿಗ್ದಿಲ್ಲ ಕಣಪ್ಪ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಮೂಳೆ ಕೂಡಿತು. ಆದರೆ ಅವರು ಮತ್ತೆ ಯಾರ ಗಾಡಿಯನ್ನೂ ಮುಟ್ಟಲಿಲ್ಲ. ಬೀದಿಯವರು ಕರೆದರೆ, "ಬ್ಯಾಡ್ರಪ್ಪ, ನನ್ ಕೈ ನಂಬ್ಬೇಡಿ" ಎನ್ನುತ್ತಿದ್ದರು. ಒಂದು ದಿನ ಆ ಸ್ಪ್ಯಾನರನ್ನು ನನಗೇ ಕೊಟ್ಟರು. ತೆಗೆದುಕೊಂಡೆ.

ನಾಲ್ಕು ವರ್ಷದ ನಂತರ ಅವರು ತೀರಿಕೊಂಡರು. ತಿಥಿಯ ದಿನ ಅವರ ಮಗಳು ನನಗೆ ಊಟ ಬಡಿಸುತ್ತಾ ಹೇಳಿದರು: "ನಮ್ಮಪ್ಪ ಕೊನೇವರ್ಗೂ ಅದನ್ನೇ ಅಂತಿದ್ರು ಅಣ್ಣ. ನಮ್ಮ ಎದುರುಮನೆ ಹುಡುಗನ್ನ ಸಾಯಿಸ್ಬಿಡ್ತಿದ್ದೆ, ಅಂತ." ನಾನು ಎಲೆ ನೋಡುತ್ತಾ ಕೂತಿದ್ದೆ. ಅವರು ಪಕ್ಕದ ಎಲೆಗೆ ಹೋದರು.

ಗಾಡಿ ಮಾರಿ ಬಹಳ ಕಾಲವಾಯಿತು. ಮೊನ್ನೆ ಮನೆಗೆ ಬಂದವನೇ ಸ್ಪ್ಯಾನರ್ ಹುಡುಕಿ ತೆಗೆದೆ. ಅದರ ಹಿಡಿಯಲ್ಲಿ ಅವರ ಬೆರಳಿನ ಸುಣ್ಣ ಇನ್ನೂ ಅಂಟಿಕೊಂಡಿದೆ. ಅವರಿಗೆ ಹೇಳಬೇಕಿದ್ದದ್ದನ್ನು ಈಗ ಇಲ್ಲಿ ಬರೆದಿದ್ದೇನೆ. ಓದಲು ಅವರಿಲ್ಲ.