ಕೂಗದೆ ಉಳಿದ ಪೊಲಿ

ಎಳ್ಳಮಾವಾಸ್ಯೆ ಎಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಮೈದುನನ ಮೇಲಿನ ಸಿಟ್ಟು. ಬಸವಕಲ್ಯಾಣದಲ್ಲಿ ವಕೀಲನಾಗಿದ್ದ ಅವನು ಆ ವರ್ಷ ಹುಮನಾಬಾದಿನ ನಮ್ಮ ಹೊಲಕ್ಕೆ ಇಬ್ಬರು ಸಾಹೇಬರನ್ನು ಊಟಕ್ಕೆ ಕರೆದಿದ್ದ. ಹಬ್ಬದ ದಿನ ಮಾವ ನಿಂತ ಬೆಳೆಯ ಸುತ್ತ ಭೂತಾಯಿಗೆ ಎಡೆಯಾಗಿ ಅಂಬಲಿಯ ಚರಗ ಚೆಲ್ಲುತ್ತ, "ಓಲಿಗ್ಯೋ ಓಲಿಗ್ಯೋ, ಸಾಲಂ ಪೊಲಿಗ್ಯೋ" ಎಂದು ಕೂಗುವುದು ವಾಡಿಕೆ. ಬೆಳಗ್ಗೆಯೇ ಮೈದುನ ತನ್ನಪ್ಪನಿಗೆ ಹೇಳಿಬಿಟ್ಟ: "ಇವತ್ತ ಒದರಬ್ಯಾಡ್ರಿ. ಅರ್ಥಿಲ್ಲ ಏನಿಲ್ಲ, ಬಂದ ಮಂದಿ ನಗ್ತಾರ."

ಮಾವ ತುಟಿ ಬಿಗಿದುಕೊಂಡೇ ಚರಗ ಚೆಲ್ಲಿದರು. ಗಡಿಗೆ ಹಿಡಿದು ಹಿಂದೆ ನಡೆದವಳು ನಾನು. ಜೋಳದ ಗರಿಗಳ ಮೇಲೆ ಅಂಬಲಿ ಬೀಳುವ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಅತ್ತ ಸಾಹೇಬರು ಜಮಖಾನದ ಮೇಲೆ ಕೂತು ಬೂಟಿಗಂಟಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದರು.

ಅರ್ಥವಿಲ್ಲವಂತೆ! ನನ್ನ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಕೊಡಗಿನ ಹುಡುಗಿಯೊಬ್ಬಳು ಸುಗ್ಗಿಯ ಹಬ್ಬದಂದು "ಪೊಲಿ ಪೊಲಿ ದೇವಾ" ಎನ್ನುತ್ತಿದ್ದಳು. ಅದನ್ನು ಕೇಳಿದ ಮಂಗಳೂರು ಕಡೆಯ ಸಿಸ್ಟರು, ತುಳುವಿನಲ್ಲೂ ಪೊಲಿಯೆಂದರೆ ಹೆಚ್ಚಳವೇ, ತಮಿಳರ ಕಣದಲ್ಲೂ ಈ ಮಾತಿದೆ ಎಂದಿದ್ದರು. ಮಾವನ ಪೊಲಿಗ್ಯೋದಲ್ಲಿರುವುದೂ ಅದೇ ಪೊಲಿ; ನಮ್ಮ ಕನ್ನಡದ ‘ಹುಲುಸು’ ಎಂಬ ಮಾತೂ ಅದರ ನೆಂಟನೇ ಇರಬೇಕು. ಗಡಿಯಾಚೆಯ ಮರಾಠಿ ರೈತರೂ ಇದೇ ಕೂಗು ಹಾಕುತ್ತಾರೆ. ಇಷ್ಟು ಸೀಮೆ ತಿರುಗಿದ ಮಾತು ನಮ್ಮ ಮನೆಯ ವಕೀಲನೆದುರು ಬಾಯಿ ಮುಚ್ಚಿಕೊಳ್ಳಬೇಕಾಯಿತು.

ಕಾಳು-ಸೊಪ್ಪು ಬೇಯಿಸಿದ ಹಬ್ಬದ ಭಜ್ಜಿ ಬಡಿಸುವಾಗ ತಡೆಯಲಾರದೆ ಇದನ್ನೆಲ್ಲ ಅವನಿಗೆ ಮೆಲ್ಲಗೆ ಹೇಳಿದೆ. ನನ್ನ ದನಿ ಏರುವುದಿಲ್ಲ. ಅವನು ಸಾಹೇಬರ ಕಡೆ ತಿರುಗಿ, ತುಳು, ಕೊಡಗು, ತಮಿಳು ಎಂದು ತಾನೇ ಹುಡುಕಿ ತಂದವನಂತೆ ಒಪ್ಪಿಸಿದ. ಆಮೇಲೆ ಅಪ್ಪನನ್ನು ಕರೆದ.

"ಅಪ್ಪಾ, ಒಂದ್ಸಲ ಕೂಗ್ರಿ. ಸಾಹೇಬ್ರು ಕೇಳ್ಬೇಕಂತಾರ."

ಮಾವ ಖಾಲಿ ಗಡಿಗೆಯನ್ನು ಬೋರಲು ಹಾಕಿದರು. "ಚರಗ ಮುಗೀತಪಾ. ನಾ ಹೊಲಕ್ಕ ಅಂತಿದ್ದೆ, ಸಾಹೇಬ್ರಿಗಲ್ಲ."

"ಈಗ ಅರ್ಥ ಗೊತ್ತಾತಲ್ರಿ."

"ನಿನಗ ಗೊತ್ತಾತು."

ಸಾಹೇಬರು ನಕ್ಕರು. ಮೈದುನ ನನ್ನತ್ತ ನೋಡಿ, "ವೈನಿ, ನೀವರೆ ಹೇಳ್ರಿ" ಎಂದ. ಅವನ ಲೋಟ ಖಾಲಿಯಿತ್ತು. ಅದನ್ನು ದಾಟಿ ಹೋಗಿ ಮಾವನಿಗೆ ರೊಟ್ಟಿ ಬಡಿಸಿದೆ.

ಆ ವರ್ಷ ಜೋಳ ಚೆನ್ನಾಗಿಯೇ ಬಂತು. ಕೂಗದಿದ್ದರೂ ಬೆಳೆ ಬರುತ್ತದೆ ನೋಡಿ ಎಂದು ಮೈದುನ ಬಂದಾಗಲೆಲ್ಲ ಹೇಳಿದ. ಮಾವ ಮತ್ತೆ ಯಾವ ಅಮಾವಾಸ್ಯೆಗೂ ಕೂಗಲಿಲ್ಲ.