ತೊಟ್ಟೆಯೊಳಗೆ ಸುತ್ತಿದ ಬೇರು

ಬಣಕಲ್ಲಿನಲ್ಲಿ ಇಸ್ಮತ್‌ಳ ನರ್ಸರಿಗೆ ಕಾಫಿ ಗಿಡ ತರಲು ಹೋದವರಿಗೆ ಗಿಡಕ್ಕಿಂತ ಮೊದಲು ಬೈಗುಳ ಸಿಗುತ್ತದೆ. ಎಲೆ ಮುಟ್ಟಿ ನೋಡಿದರೆ ಬೈಗುಳ. ಇನ್ನೂ ಸ್ವಲ್ಪ ಎತ್ತರದ್ದು ಇಲ್ಲವಾ ಎಂದು ಕೇಳಿದರೆ ಅದಕ್ಕಿಂತ ದೊಡ್ಡ ಬೈಗುಳ. ಬೈಯುತ್ತಲೇ ಒಂದು ಕುಂಡವನ್ನು ಎತ್ತಿ, ಸುತ್ತಿದ ತಂತಿ ಬಿಚ್ಚಿ, ಹೊರಬಂದ ಮಣ್ಣಿನ ಉಂಡೆಯನ್ನು ಗಿರಾಕಿಯ ಮೂಗಿನ ಹತ್ತಿರ ಹಿಡಿಯುತ್ತಾಳೆ. "ಇದನ್ನ ನೋಡಿ. ನೀವು ತಗೊಂಡು ಹೋಗಿ ನೆಡೋದು ಬೇರನ್ನ, ಎಲೆನಲ್ಲ."

ಮೊದಲು ಅವಳು ಹೀಗಿರಲಿಲ್ಲ. ಕಳಸದಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದವರ ಮಗಳು, ಜೀಪ್ ರಿಪೇರಿ ಮಾಡುವ ನಜೀರನನ್ನು ಮದುವೆಯಾಗಿ ಬಣಕಲ್ಲಿಗೆ ಬಂದವಳು. ಗ್ಯಾರೇಜಿನ ಹಿಂದೆ ತುಕ್ಕು ಹಿಡಿದ ಆಕ್ಸೆಲ್‌ಗಳು ಬಿದ್ದಿದ್ದ ಜಾಗವನ್ನು ಅವಳೇ ಹಸನು ಮಾಡಿ, ಐವತ್ತು ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಿ ಕಾಫಿ ಗಿಡ ಎಬ್ಬಿಸಿದಳು. ಅದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಐವತ್ತು ಇದ್ದದ್ದು ಹತ್ತು ಸಾವಿರವಾಯಿತು. ಬಂದವರಿಗೆ ಚಾ ಕೊಡುತ್ತಿದ್ದಳು, ಕೇಳಿದವರಿಗೆ ಕೇಳಿದಷ್ಟು ಎತ್ತರದ ಗಿಡ ಆರಿಸಿ ಕೊಡುತ್ತಿದ್ದಳು. ಯಾರ ಮೇಲೂ ದನಿ ಎತ್ತಿದವಳಲ್ಲ.

ಅವಳ ಸಿಟ್ಟು ಶುರುವಾದದ್ದು ಒಂದು ಮಾರ್ಚ್ ತಿಂಗಳ ಬೆಳಿಗ್ಗೆ. ಮತ್ತಿಕಟ್ಟೆ ಕಡೆ ಎರಡು ಎಕರೆ ತೋಟ ಮಾಡಿಕೊಂಡಿದ್ದ ರುದ್ರಪ್ಪ ಸೀದಾ ಒಳಗೆ ಬಂದು, ಹೆಗಲ ಮೇಲಿದ್ದ ಒಣಗಿದ ರೋಬಸ್ಟಾ ಕಾಫಿ ಗಿಡವೊಂದನ್ನು ಅವಳ ಕಾಲ ಬುಡಕ್ಕೆ ಎಸೆದ.

"ನಿನ್ನ ಗಿಡ. ಇಟ್ಕೋ."

"ಎಂತ ರುದ್ರಪ್ಪಣ್ಣ ಇದು, ನೀರು ಹೊಡೀಲಿಲ್ವಾ?"

"ನೀರು, ಗೊಬ್ಬರ, ನೆರಳು, ಎಲ್ಲಾ ಕೊಟ್ಟೆ. ಎಂಟುನೂರು ಗಿಡದಲ್ಲಿ ಅರ್ಧಕ್ಕರ್ಧ ಹಳದಿ ಬಿದ್ದಿದೆ. ಮೊನ್ನೆ ಒಂಚೂರು ಗಾಳಿ ಬೀಸಿದ್ದಕ್ಕೆ ಮೂವತ್ತು ಮಗುಚಿ ಬಿತ್ತು. ಹಣ್ಣು ಕೊಡೋ ವಯಸ್ಸಿನ ಗಿಡ."

ಇಸ್ಮತ್ ಸುಮ್ಮನಿರಲಿಲ್ಲ. ಗಿಡ ಕೊಟ್ಟು ನಾಲ್ಕು ವರ್ಷವಾಯಿತು, ಈಗ ಬಂದು ಎಸೆದರೆ ಹೇಗೆ, ಬೇರುಹುಳ ಬಿದ್ದಿರಬಹುದು, ಆಳುಗಳು ಸರಿಯಾಗಿ ನೆಟ್ಟಿರಲಿಕ್ಕಿಲ್ಲ ಎಂದೆಲ್ಲ ವಾದಿಸಿದಳು. ರುದ್ರಪ್ಪ ಕೇಳಿಸಿಕೊಂಡು, "ಬಂದು ನೋಡಿ ಆಮೇಲೆ ಮಾತಾಡು" ಎಂದಷ್ಟೇ ಹೇಳಿ ಹೊರಟುಹೋದ.

ಅವನ ಬಾಯಿ ಮುಚ್ಚಿಸಬೇಕೆಂದೇ ಅವಳು ಮಧ್ಯಾಹ್ನ ನಜೀರನ ಜೀಪಿನಲ್ಲಿ ಅಲ್ಲಿಗೆ ಹೋದಳು. ರುದ್ರಪ್ಪನ ಹೆಂಡತಿ ದ್ಯಾವಮ್ಮ ತೋಟದ ಗೇಟು ತೆಗೆದಳೇ ಹೊರತು ಬನ್ನಿ ಎನ್ನಲಿಲ್ಲ. ಇಸ್ಮತ್ ಒಳಗೆ ಹೋಗಿ, ಹಳದಿ ತಿರುಗಿದ್ದ ಒಂದು ಗಿಡದ ಬುಡ ಹಿಡಿದು ಎಳೆದಳು. ಐದನೇ ವರ್ಷಕ್ಕೆ ಕಾಲಿಟ್ಟ ಗಿಡ ಇಬ್ಬರು ಸೇರಿ ಕಿತ್ತರೂ ಬರಬಾರದು. ಇದು ಒಬ್ಬಳ ಕೈಗೇ ಬಂತು. ಕೆಳಗೆ ಬೇರೆಂಬುದು ನೆಲದೊಳಗೆ ಹೋಗಿಯೇ ಇರಲಿಲ್ಲ. ತೊಟ್ಟೆ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಒಂದರ ಮೇಲೊಂದು ಸುತ್ತಿಕೊಂಡು, ಹಗ್ಗದ ಸಿಂಬಿಯ ಹಾಗೆ ಗಟ್ಟಿಯಾಗಿತ್ತು. ತಾಯಿಬೇರು ತಳ ಮುಟ್ಟಿ, ದಾರಿ ಸಿಗದೆ ಮೇಲಕ್ಕೆ ತಿರುಗಿ, ತನ್ನ ಕುತ್ತಿಗೆಯನ್ನೇ ಬಿಗಿದುಕೊಂಡಿತ್ತು. ಇನ್ನೊಂದು ಕಿತ್ತಳು. ಅದೂ ಹಾಗೇ. ಏಳು ಗಿಡ ಕಿತ್ತ ಮೇಲೆ ದ್ಯಾವಮ್ಮ, "ಸಾಕು ಬಿಡಮ್ಮ, ಇದ್ದದ್ದಾದ್ರೂ ಇರ್ಲಿ" ಎಂದಳು.

ಇವು ಯಾವ ಗಿಡಗಳು ಎಂದು ಇಸ್ಮತ್‌ಗೆ ಅಷ್ಟರಲ್ಲಿ ಗೊತ್ತಾಗಿಹೋಗಿತ್ತು. ಗುಡ್ಡ ಕುಸಿದು ರಸ್ತೆಗಳು ಕೊಚ್ಚಿಹೋಗಿದ್ದ ಆ ವರ್ಷ ಗಿಡ ಕೊಳ್ಳಲು ಯಾರೂ ಬಂದಿರಲಿಲ್ಲ. ಐದಾರು ತಿಂಗಳಿಗೆ ನೆಲ ಸೇರಬೇಕಾದ ಗಿಡಗಳು ಅದೇ ಪುಟ್ಟ ತೊಟ್ಟೆಯಲ್ಲಿ ಮತ್ತೊಂದು ಮಳೆಗಾಲದವರೆಗೂ ನಿಂತವು. ಮೇಲೆ ಸೊಂಟದೆತ್ತರ ಬೆಳೆದು ನಿಂತದ್ದು ನೋಡಲು ಚೆಂದವಿತ್ತು. ತೊಟ್ಟೆಯ ತಳದ ತೂತಿನಿಂದ ಬೇರು ಹೊರಗೆ ಬಂದಿತ್ತು. ಅದು ಕಾಣಬಾರದೆಂದು ಅವಳೇ ಒಂದೊಂದನ್ನೂ ಉಗುರಿನಿಂದ ಚಿವುಟಿ ಸಾಫು ಮಾಡಿದ್ದಳು. ಸುತ್ತಿದ ಬೇರಿನ ತಳ ಕತ್ತರಿಸಿ ನೆಡಿ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಹಳೇ ಗಿಡವೆಂದು ಗೊತ್ತಾಗುತ್ತಿತ್ತು. ರುದ್ರಪ್ಪನೂ ಅವತ್ತು ಎಲ್ಲಕ್ಕಿಂತ ಎತ್ತರದ್ದನ್ನೇ ಆರಿಸಿ, ಖುಷಿಯಿಂದ ಪಿಕಪ್ಪಿಗೆ ತುಂಬಿಸಿಕೊಂಡು ಹೋಗಿದ್ದ.

"ನನ್ನದೇ ತಪ್ಪು" ಎಂದಳು.

"ಗೊತ್ತು" ಎಂದ, ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ರುದ್ರಪ್ಪ.

"ಬೇರೆ ಗಿಡ ಕೊಡ್ತೀನಿ. ದುಡ್ಡು ಬೇಡ."

"ನಿನ್ನ ತೊಟ್ಟೆ ಗಿಡ ಇನ್ನು ಈ ಗೇಟಿನ ಒಳಗೆ ಬರೋದು ಬೇಡ. ನಾಲ್ಕು ವರ್ಷ ಬೆಳಿಗ್ಗೆ ಎದ್ದು ಇವುಗಳ ಮುಖ ನೋಡಿದವನು ನಾನು."

ಮನೆಗೆ ಬಂದವಳು ಚಪ್ಪಲಿ ಬಿಡದೆ ನೇರ ನರ್ಸರಿಗೆ ನಡೆದಳು. ಹಿಂದಿನ ವರ್ಷದ ಎರಡು ಸಾವಿರ ಗಿಡ ಮಾರಾಟವಾಗದೆ ಉಳಿದಿದ್ದವು. ಕತ್ತಿ ತೆಗೆದುಕೊಂಡು ಒಂದೊಂದೇ ತೊಟ್ಟೆ ಸೀಳತೊಡಗಿದಳು. ಸದ್ದು ಕೇಳಿ ನಜೀರ್ ಗ್ಯಾರೇಜಿನಿಂದ ಓಡಿಬಂದ.

"ತಲೆ ಕೆಟ್ಟಿದೆಯೇನೇ? ಇವೆಲ್ಲ ಜೂನಿನಲ್ಲಿ ಹೋಗೋ ಗಿಡ."

"ಹೋಗ್ತದೆ. ಹೋಗಿ ಇನ್ನೊಬ್ಬರ ತೋಟದಲ್ಲಿ ಸಾಯ್ತದೆ. ನಿಮ್ಮಂಥ ಗಂಡಸರಿಗೆ ಮಾತಾಡೋದು ಸುಲಭ, ಬೇರು ಚಿವುಟಿದ್ದು ನನ್ನ ಬೆರಳು."

ಅವಳ ಸಿಟ್ಟು ಯಾರ ಮೇಲೆ ಎಂದು ನಜೀರನಿಗೆ ಆಗ ಅರ್ಥವಾಯಿತು. ಅವನು ಮತ್ತೆ ತಡೆಯಲಿಲ್ಲ. ಎರಡು ಸಾವಿರವೂ ಗೊಬ್ಬರದ ಗುಂಡಿಗೆ ಹೋದವು.

ಹಿಂದೊಮ್ಮೆ ಬೆಳೆಗಾರರ ಸಂಘದ ಕಡೆಯಿಂದ ಮೇಘಶ್ರೀ ಎಂಬ ಹುಡುಗಿ ತರಬೇತಿ ಕೊಡಲು ಬಂದು, ರೂಟ್ ಟ್ರೈನರ್ ಎಂಬ ಉದ್ದನೆಯ ಲೋಟದಂಥ ಗುಳಿಗಳಿರುವ ಕಪ್ಪು ಟ್ರೇ ಒಂದನ್ನು ಬಿಟ್ಟುಹೋಗಿದ್ದಳು. ಇಸ್ಮತ್ ಅದರಲ್ಲಿ ಪುದೀನ ನೆಟ್ಟಿದ್ದಳು. ಈಗ ಪುದೀನ ಕಿತ್ತು ತೊಳೆದು ನೋಡಿದಳು. ಒಳಗೋಡೆಯಲ್ಲಿ ಮೇಲಿನಿಂದ ಕೆಳಗೆ ಉಬ್ಬು ಗೆರೆಗಳಿದ್ದವು, ಬೇರು ಸುತ್ತು ಹಾಕಲು ಹೋದರೆ ಆ ಗೆರೆಗೆ ತಾಗಿ ಕೆಳಗಿಳಿಯಬೇಕು. ತಳ ಪೂರ್ತಿ ತೆರೆದಿತ್ತು. ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡಿನ ಮೇಲೆ ಇಟ್ಟರೆ, ಹೊರಗೆ ಇಣುಕಿದ ಬೇರಿನ ತುದಿ ಗಾಳಿಗೆ ಒಣಗಿ ನಿಲ್ಲುತ್ತದೆ, ಹಿಂದಿನಿಂದ ಹೊಸ ಬೇರುಗಳು ಒಡೆಯುತ್ತವೆ. ಮೇಘಶ್ರೀ ಇದನ್ನೆಲ್ಲ ಅವತ್ತೇ ಹೇಳಿದ್ದಳು. ಅವಳು ಮಾತಾಡುವಾಗ ತಾನು ಚಾ ಸೋಸುತ್ತಿದ್ದದ್ದು ನೆನಪಾಗಿ ಇಸ್ಮತ್‌ಗೆ ಮೈ ಉರಿಯಿತು.

ಆ ಗುಳಿಗಳು ಕಾಫಿ ಗಿಡಕ್ಕೆ ಸಣ್ಣವೆನಿಸಿದವು. ನಜೀರ್ ಹಳೆಯ ನೀಲಿ ಡ್ರಮ್ಮುಗಳನ್ನು ಸೀಳಿ, ಹಾಳೆಗಳನ್ನು ಕೊಳವೆಯಂತೆ ಸುತ್ತಿ ತಂತಿ ಕಟ್ಟಿ ಕುಂಡ ಮಾಡಿ, ಸುತ್ತಲೂ ಡ್ರಿಲ್‌ನಿಂದ ತೂತು ಹೊಡೆದುಕೊಟ್ಟ. ಕಬ್ಬಿಣದ ಸ್ಟ್ಯಾಂಡು ವೆಲ್ಡ್ ಮಾಡಿ ಮೇಲೆ ಜಾಲರಿ ಹಾಸಿದ. ಮೊದಲ ಸಲ ತೂತು ದೊಡ್ಡದಾಗಿ ಮಣ್ಣೆಲ್ಲ ತೊಳೆದುಹೋಯಿತು. ಎರಡನೇ ಸಲ ಬೇಗ ಒಣಗಿ ಗಿಡ ಬಾಡಿತು. ತೆಂಗಿನ ನಾರಿನ ಪುಡಿ ಬೆರೆಸಿದ ಮೇಲೆ ಹಿಡಿಯಿತು. ಎರಡು ವಾರಕ್ಕೊಂದು ಗಿಡ ಬಿಚ್ಚಿ ನೋಡುತ್ತಿದ್ದಳು. ತಾಯಿಬೇರು ನೆಟ್ಟಗೆ, ಸುತ್ತ ಬಿಳಿ ಬೇರು ದಟ್ಟಗೆ.

ಈ ನಡುವೆ ಅವಳು ಇನ್ನೊಂದು ಕೆಲಸಕ್ಕೂ ಕೈಹಾಕಿದ್ದಳು. ಅದೇ ಹಳೇ ಗಿಡಗಳನ್ನು ರುದ್ರಪ್ಪನಲ್ಲದೆ ಇನ್ನೂ ಹನ್ನೊಂದು ಮನೆಯವರು ಒಯ್ದಿದ್ದರು. ಒಬ್ಬೊಬ್ಬರ ಮನೆಗೇ ಹೋಗಿ ಹೇಳತೊಡಗಿದಳು: ನಾನು ಕೊಟ್ಟ ಗಿಡದ ಬೇರು ಸರಿಯಿಲ್ಲ, ಒಂದು ಕಿತ್ತು ನೋಡಿ. ಮೊದಲನೆಯವನು ಬೈದ, ಅದನ್ನು ಕೇಳಿಸಿಕೊಂಡಳು. ಎರಡನೆಯವಳು ಅತ್ತಳು. ನಾಲ್ಕನೆಯವನಾದ ಮಂಜಯ್ಯ ಜಗಲಿಯಿಂದ ಏಳಲೇ ಇಲ್ಲ. "ನಮ್ಮ ಗಿಡ ಹಸುರಾಗಿದೆ. ಹೊಸ ಗಿಡ ಮಾರ್ಲಿಕ್ಕೆ ಒಳ್ಳೇ ಉಪಾಯ ಹುಡುಕಿದ್ದೀಯ." ಆ ಮಾತು ಕೇಳಿ ಅವಳು ಬಸ್‌ಸ್ಟಾಪಿನವರೆಗೂ ತನ್ನಷ್ಟಕ್ಕೆ ಬೈದುಕೊಳ್ಳುತ್ತಾ ನಡೆದಳು. ಮೋಸ ಮಾಡಿದಾಗ ಎಲ್ಲರೂ ನಂಬಿದರು. ಈಗ ನಿಜ ಹೇಳಿದರೆ ಜಗಲಿ ಹತ್ತಿಸುವವರಿಲ್ಲ. ಉಳಿದ ಏಳು ಮನೆಗೆ ಆ ವರ್ಷ ಅವಳು ಹೋಗಲಿಲ್ಲ.

ದೊಡ್ಡ ಎಸ್ಟೇಟ್ ಒಂದರ ಮ್ಯಾನೇಜರ್ ಶಶಿಧರ್ ಐದು ಸಾವಿರ ಗಿಡ ಕೇಳಿಕೊಂಡು ಬಂದದ್ದು ಆ ದಿನಗಳಲ್ಲೇ. ಸ್ಟ್ಯಾಂಡಿನ ಮೇಲಿದ್ದ ಗಿಡವೊಂದನ್ನು ಕುಂಡ ಸಮೇತ ಎತ್ತಿ ನೋಡಿ ಮುಖ ಹಿಂಡಿದ.

"ಇದೇನಮ್ಮ, ಮೊಳದುದ್ದ ಇಲ್ಲ. ಮೂಡಿಗೆರೆಯಲ್ಲಿ ಸೊಂಟದೆತ್ತರ ಕೊಡ್ತಾರೆ."

ಇಸ್ಮತ್ ಇನ್ನೊಂದು ಗಿಡ ಬಿಚ್ಚಿ ಬೇರು ತೋರಿಸಿದಳು. ಅವನು ನಕ್ಕ. "ಬೇರು ಯಾರು ನೋಡ್ತಾರೆ? ಓನರ್ ಕಾರಲ್ಲಿ ಬಂದು ನೋಡೋದು ಎಲೆನ. ನಾನು ಆ ಎಸ್ಟೇಟಲ್ಲಿ ಇನ್ನು ಎರಡೇ ವರ್ಷ ಇರೋದು."

"ಹಾಗಾದ್ರೆ ನೀವು ಗಿಡ ನೆಡೋದಲ್ಲ, ಮೋಸ ನೆಡೋದು. ನಾನು ಅದನ್ನ ಮಾಡಿ ಮುಗಿಸಿದೀನಿ. ಹೊರಡಿ ಇಲ್ಲಿಂದ."

"ಮಾತು ನೋಡ್ಕೊಂಡು ಆಡಿ."

"ನೋಡ್ಕೊಂಡೇ ಆಡ್ತಿದ್ದೀನಿ. ಕುಂಡ ಕೆಳಗಿಡಿ."

ಶಶಿಧರ್ ಹೋದ ಕಡೆಯೆಲ್ಲ ಅವಳಿಗೆ ಹುಚ್ಚು ಎಂದು ಹೇಳಿದ. ಆ ಮಳೆಗಾಲ ನರ್ಸರಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಮರುವರ್ಷ ಜೂನಿನಲ್ಲಿ ರುದ್ರಪ್ಪ ಬಂದ. ಅವಳು ತೊಟ್ಟೆ ಬಿಟ್ಟದ್ದು ಅವನ ಕಿವಿಗೂ ಬಿದ್ದಿತ್ತು. ಸ್ಟ್ಯಾಂಡಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಕುಂಡದ ತಂತಿ ಬಿಚ್ಚಿ, ಬೇರನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂವತ್ತು ನೋಡಿ ಮೂರನ್ನು ಪಕ್ಕಕ್ಕೆಸೆದ.

"ಅದಕ್ಕೆಂತ ಆಗಿದೆ?" ಎಂದು ಇಸ್ಮತ್ ಕೆರಳಿದಳು.

"ಬಗ್ಗಿದೆ."

ಎತ್ತಿ ನೋಡಿದಳು. ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತ ಮೊಳಕೆಯನ್ನು ಕುಂಡಕ್ಕೆ ಊರುವಾಗಲೇ ತುದಿ ಮಡಚಿತ್ತು. ಅವನು ಹೇಳಿದ್ದು ಸರಿಯಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು. ಉಳಿದವನ್ನೆಲ್ಲ ತಾನೇ ಕೂತು ಬಿಚ್ಚಿ, ಸಂಶಯ ಬಂದದ್ದನ್ನೆಲ್ಲ ತೆಗೆದು, ನಾಲ್ಕುನೂರು ಗಿಡ ಕೊಟ್ಟಳು. ನೆಡುವ ದಿನ ಅವಳೂ ಹೋದಳು. ಜಿಟಿಜಿಟಿ ಮಳೆಯಲ್ಲಿ ಕೊಡೆಯಿಲ್ಲದೆ ಗುಂಡಿಯಿಂದ ಗುಂಡಿಗೆ ನಡೆದು, ಬೇರು ತುರುಕಿದ ಆಳುಗಳಿಗೆ ಬೈದಳು, ಗುಂಡಿ ಆಳವಿಲ್ಲವೆಂದು ರುದ್ರಪ್ಪನಿಗೂ ಬೈದಳು. ಅವನೂ ತಿರುಗಿ ಬೈದ. ಸಂಜೆ ದ್ಯಾವಮ್ಮ ಒಂದು ಲೋಟ ಬಿಸಿ ಕಾಫಿ ತಂದು ಅವಳ ಕೈಗೆ ಕೊಟ್ಟು ಒಳಗೆ ಹೋದಳು.

ನೆನೆದದ್ದಕ್ಕೆ ಮೂರು ದಿನ ಜ್ವರ ಬಂತು. ನಜೀರ್ ಗಂಜಿ ಕುಡಿಸುತ್ತಾ ಕೇಳಿದ, "ಈಗಾದ್ರೂ ಸಿಟ್ಟು ಇಳೀತಾ?"

"ಇನ್ನೂ ಏಳು ಮನೆ ಇದೆ" ಎಂದಳು.

ಜ್ವರ ಬಿಟ್ಟ ಮಾರನೇ ದಿನ ಕೊಟ್ಟಿಗೆಹಾರದ ಬಸ್ಸು ಹತ್ತಿದಳು.